ಏಕಾದಶಿಯ ಗುಳಿಗೆ

ನಮ್ಮ ಮನೆಗೆ ಬಂದವರಿಗೆ ಮೊದಲು ನೀರು ಕೊಡುವ ಪದ್ಧತಿ ಈಗೀಗ ಉಳಿದಿಲ್ಲ. ತೋಳಿಗೆ ಪಟ್ಟಿ ಸುತ್ತುತ್ತೇವೆ. ನಾರಾಯಣಗೂಡದ ನಮ್ಮ ಗಲ್ಲಿಯಲ್ಲಿ ಬಿ.ಪಿ. ನೋಡುವ ಯಂತ್ರ ಬೇರೆ ಮನೆಗಳಲ್ಲೂ ಇದೆ. ಆದರೆ ಪುಕ್ಕಟೆಯಾಗಿ, ಚಹಾ ಸಮೇತ, ಕೊನೆಗೊಂದು ಉಪನ್ಯಾಸವನ್ನೂ ಸೇರಿಸಿ ನೋಡುವ ಮನೆ ನಮ್ಮದೊಂದೇ ಎಂಬ ಕೀರ್ತಿಯನ್ನು ನಾನು ಸಂಪಾದಿಸಿದ್ದೇನೆ. ಎದುರು ಮನೆಯ ಯಾದಗಿರಿ ಬೆಳಗಿನ ನಡಿಗೆ ಮುಗಿಸಿ, ಮರಳುವ ದಾರಿಯಲ್ಲಿ ಬಿಸಿ ಬಿಸಿ ಮಿರ್ಚಿ ತಿಂದು, ಆ ಪಾಪ ಅಂಕಿಗಳಲ್ಲಿ ಕಾಣುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಲು ನೆಟ್ಟಗೆ ನಮ್ಮಲ್ಲಿಗೆ ಬರುತ್ತಾರೆ. ಅಂಕಿ ಕಡಿಮೆ ಬಂದರೆ ಯಂತ್ರ ಒಳ್ಳೆಯದು. ಹೆಚ್ಚು ಬಂದರೆ, "ಮೀ ಮಿಷನ್ ಖರಾಬ್ ಅಯ್ಯಿಂದಿ ಸಾರ್" ಎಂದು ತಮ್ಮ ತೆಲುಗಿನಲ್ಲಿ ನನ್ನ ಯಂತ್ರದ ಆರೋಗ್ಯದ ಬಗ್ಗೆ ಕಳವಳಪಟ್ಟು ಇನ್ನೊಂದು ತೋಳನ್ನು ಚಾಚುತ್ತಾರೆ.

ಉಪನ್ಯಾಸದ ಅಧಿಕಾರ ನನಗೆ ಎಲ್ಲಿಂದ ಬಂತೆಂದು ನೀವು ಕೇಳಬಹುದು. ನಾನು ವೈದ್ಯನಲ್ಲ. ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ, ನೀರಿನ ಪಂಪುಗಳಿಗೆ ಹಾಕುವ ವಾಲ್ವುಗಳನ್ನು ಮಾಡಿಸುತ್ತ ಕೂದಲು ಬೆಳ್ಳಗಾಗಿಸಿಕೊಂಡ ಮನುಷ್ಯ. ನೀರನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಬರಗೊಡದೆ ತಡೆಯುವುದಷ್ಟೇ ನಮ್ಮ ವಾಲ್ವಿನ ಜೀವನಧ್ಯೇಯ; ಅದರಲ್ಲೂ ಅದು ಆಗಾಗ ಸೋಲುತ್ತಿತ್ತು, ಗಿರಾಕಿಗಳು ಅದನ್ನು ಗೋಣಿಚೀಲದಲ್ಲಿ ಹೊತ್ತು ತಂದು ನನ್ನ ಮೇಜಿನ ಮೇಲೆ ಸುರಿಯುತ್ತಿದ್ದರು. ಹೀಗಾಗಿ ಹೃದಯದೊಳಗೆ ನಾಲ್ಕು ವಾಲ್ವುಗಳಿವೆ, ಅವು ಹುಟ್ಟುವ ಮುಂಚಿನಿಂದ ಚಿತೆಯೇರುವವರೆಗೆ ಎಣ್ಣೆ ಗ್ರೀಸುಗಳಿಲ್ಲದೆ ತೆರೆದು ಮುಚ್ಚುತ್ತಿರುತ್ತವೆ ಎಂದು ಓದಿದಾಗ ನನಗೆ ಭಕ್ತಿಗಿಂತ ಮೊದಲು ಹುಟ್ಟಿದ್ದು ಅಸೂಯೆ. ಡಾಕ್ಟರು ಎದೆಗೆ ಕೊಳವೆ ಹಚ್ಚಿ ಆಲಿಸುವ ಆ ಲಬ್-ಡಬ್ ಈ ಬಾಗಿಲುಗಳು ತೆರೆಯುವ ಸದ್ದಲ್ಲವಂತೆ, ಮುಚ್ಚಿಕೊಳ್ಳುವ ಸದ್ದಂತೆ. ಅಂದರೆ ನಾವು ಬದುಕಿದ್ದೇವೆ ಎಂಬುದಕ್ಕೆ ಸಾಕ್ಷಿ, ಒಳಗೆ ಸರಿಯಾಗಿ ಮುಚ್ಚಿಕೊಳ್ಳುತ್ತಿರುವ ಕದಗಳು.

ಒಂದೇ ಗೋಡೆಯ ಆಚೀಚೆ ಸಂಸಾರ ಹೂಡಿದ ಎರಡು ಪಂಪುಗಳೆಂದರೆ ಹೃದಯ. ಬಲಗಡೆಯದು ದಣಿದು ಬಂದ ರಕ್ತವನ್ನು ಶ್ವಾಸಕೋಶಕ್ಕೆ ಗಾಳಿ ಕುಡಿಯಲು ಕಳಿಸುತ್ತದೆ. ಎಡಗಡೆಯದು ಹಾಗೆ ತಾಜಾ ಆಗಿ ಬಂದದ್ದನ್ನು ನೆತ್ತಿಯಿಂದ ಅಂಗಾಲಿನವರೆಗೆ ತಳ್ಳುತ್ತದೆ. ಇಲ್ಲಿಯವರೆಗೆ ನನಗೆ ಎಲ್ಲವೂ ಪರಿಚಿತವೇ. ಆದರೆ ಒಂದು ಸಂಗತಿ ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ಹೃದಯದ ಒಳಗೆ ಸದಾ ರಕ್ತ ತುಂಬಿ ತುಳುಕುತ್ತಿದ್ದರೂ ಅದರ ದಪ್ಪ ಗೋಡೆಗಳು ಅಲ್ಲಿಂದ ಹೀರಿಕೊಂಡು ಬದುಕಲಾರವು. ಊರಿಗೆಲ್ಲ ಹಂಚಲು ಹೊರಟ ರಕ್ತದಿಂದಲೇ, ಬಾಗಿಲ ಬಳಿ ಕವಲೊಡೆದ ಎರಡು ಸಣ್ಣ ನಾಳಗಳ ಮೂಲಕ, ಅದು ತನ್ನ ಪಾಲನ್ನು ಪಡೆಯಬೇಕು. ಅದೂ ದುಡಿಯುವಾಗಲ್ಲ, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಸಿಗುವ ಚೂರು ವಿರಾಮದಲ್ಲಿ. ದಿನವಿಡೀ ಅನ್ನದ ಪಾತ್ರೆಗಳ ನಡುವೆ ನಿಂತು, ಎಲ್ಲರ ಎಲೆ ಎದ್ದ ಮೇಲೆ ಒಲೆಯ ಪಕ್ಕದಲ್ಲಿ ಕುಳಿತು ಒಂದಿಷ್ಟು ಉಣ್ಣುವ ಹೆಂಗಸರನ್ನು ನೀವೂ ಕಂಡಿರುತ್ತೀರಿ. ನಮ್ಮ ಪದ್ದಕ್ಕ ಅಂಥವಳು.

ಪದ್ದಕ್ಕ ನನ್ನ ಅಕ್ಕ. ಭಾವ ತೀರಿಕೊಂಡ ಮೇಲೆ ರಾಯಚೂರಿನಿಂದ ನಮ್ಮಲ್ಲಿಗೆ ಬಂದವಳು, ಬಂದ ವಾರದೊಳಗೆ ನಮ್ಮ ಅಡುಗೆಮನೆಯನ್ನೂ ದೇವರ ಮನೆಯನ್ನೂ ತಾರಸಿಯ ಮೇಲಿನ ತುಳಸಿಯನ್ನೂ ಸ್ವಾಧೀನಕ್ಕೆ ತೆಗೆದುಕೊಂಡಳು. ನನ್ನ ಹೆಂಡತಿ ಸುಧಾ ಈ ಪದಚ್ಯುತಿಯನ್ನು ಸಂತೋಷದಿಂದಲೇ ಒಪ್ಪಿಕೊಂಡಳು. ನಮ್ಮದು ಏಕಾದಶಿಯ ಮನೆತನ. ಆ ದಿನ ಕಟ್ಟುನಿಟ್ಟಿನವರು ಅನ್ನ ಹಾಗಿರಲಿ, ನೀರನ್ನೂ ಮುಟ್ಟುವುದಿಲ್ಲ. ನಾನು ಮಾತ್ರ ವಯಸ್ಸಿನ ನೆಪ ಮಾಡಿಕೊಂಡು ಅವಲಕ್ಕಿಯ ಪಂಗಡಕ್ಕೆ ಜಾರಿಕೊಂಡಿದ್ದೆ. ಅಕ್ಕನಿಗೆ ವಯಸ್ಸು ನನಗಿಂತ ಹೆಚ್ಚಾಗಿದ್ದರೂ ಅವಳಿಗೆ ಆ ನೆಪ ಎಂದೂ ಹೊಳೆಯಲಿಲ್ಲ.

ಕಳೆದ ವರ್ಷ ಮೆಟ್ಟಿಲೇರುವಾಗ ಅಕ್ಕನಿಗೆ ಎದೆ ಬಿಗಿಯತೊಡಗಿತು. ಪರೀಕ್ಷೆಗಳಾದವು, ನಾಳವೊಂದು ಒಳಗೊಳಗೇ ಕಿರಿದಾಗಿತ್ತು, ಅದನ್ನು ಹಿಗ್ಗಿಸಿ ಸ್ಟೆಂಟ್ ಎಂಬ ಲೋಹದ ಸಣ್ಣ ಜಾಳಿಗೆಯನ್ನು ಕೂಡಿಸಿದರು. ಮನೆಗೆ ಬಂದ ಅಕ್ಕ, "ನಿಮ್ಮ ಫ್ಯಾಕ್ಟರಿ ಸ್ಪ್ರಿಂಗ್ ತಂದು ನನ್ನ ಎದಿಯಾಗ ಕೂಡಿಸ್ಯಾರ ನೋಡೋ. ಇನ್ನ ಕೆಟ್ಟರ ನೀನಽ ರಿಪೇರಿ ಮಾಡಬೇಕು" ಎಂದು ನಕ್ಕಳು. ಅವಳನ್ನು ನೋಡಿದ್ದು ತರುಣ ತೆಲುಗು ಡಾಕ್ಟರು. ರಕ್ತವನ್ನು ತೆಳುವಾಗಿಡುವ ಗುಳಿಗೆಗಳನ್ನು ಬರೆದುಕೊಟ್ಟು, "ಒಕ್ಕ ರೋಜು ಕೂಡಾ ಮಾನೊದ್ದಮ್ಮಾ" ಎಂದು, ಒಂದು ದಿನವೂ ಬಿಡಕೂಡದೆಂದು, ಬೆರಳೆತ್ತಿ ಹೇಳಿದರು. "ಲೇದು ನಾಯನಾ, ಮಾನನು" ಎಂದು ಅಕ್ಕ ಅವರ ತೆಲುಗಿನಲ್ಲೇ ಮಾತು ಕೊಟ್ಟಳು.

ಆ ಗುಳಿಗೆ ಏಕೆ ಬೇಕು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ನಮ್ಮ ರಕ್ತಕ್ಕೆ ಗಾಯ ಕಂಡರೆ ಧಾವಿಸಿ ಹೋಗಿ ಗರಣೆಗಟ್ಟಿ ಮುಚ್ಚುವ ಒಳ್ಳೆಯ ಗುಣವಿದೆ. ಅದಿಲ್ಲದಿದ್ದರೆ ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಂಡೇ ನಾವು ತೀರಿಹೋಗುತ್ತಿದ್ದೆವು. ಆದರೆ ರಕ್ತಕ್ಕೆ ಗುಣವಿದೆಯೇ ಹೊರತು ವಿವೇಕವಿಲ್ಲ. ನಾಳದ ಗೋಡೆಯಲ್ಲಿ ಸಂಗ್ರಹವಾದ ಕೊಬ್ಬಿನ ದಿಣ್ಣೆ ಬಿರುಕು ಬಿಟ್ಟರೂ ಅದು ಗಾಯವೆಂದೇ ತಿಳಿಯುತ್ತದೆ, ಹೊಸದಾಗಿ ಬಂದು ಕುಳಿತ ಲೋಹವನ್ನು ಕಂಡರೂ ಅಷ್ಟೇ. ಮುಚ್ಚಲು ಹೋಗಿ ದಾರಿಯನ್ನೇ ಮುಚ್ಚಿಬಿಡುತ್ತದೆ. ನಾಳದ ಒಳಚರ್ಮ ಬೆಳೆದು ಆ ಜಾಳಿಗೆಯನ್ನು ತನ್ನದಾಗಿಸಿಕೊಳ್ಳುವವರೆಗೂ ರಕ್ತವನ್ನು ಸುಮ್ಮನಿರಿಸುವ ಕೆಲಸ ಈ ಗುಳಿಗೆಯದು. ಅದಕ್ಕೆ ದಿನಗಟ್ಟಲೆ ರಜೆ ಕೊಟ್ಟರೆ ಒಳಗೆ ಕಾವಲುಗಾರನೇ ಇರುವುದಿಲ್ಲ.

ಅಕ್ಕ ಡಾಕ್ಟರಿಗೆ ಸುಳ್ಳು ಹೇಳಿದಳೆಂದು ದಯವಿಟ್ಟು ಯಾರೂ ತಿಳಿಯಬಾರದು. ಬೆಳಿಗ್ಗೆ ಸಂಜೆ ಗುಳಿಗೆಯ ಡಬ್ಬಿ ತೆರೆಯುವುದರಲ್ಲಿ ಅವಳಷ್ಟು ಶಿಸ್ತಿನವರು ಇನ್ನೊಬ್ಬರಿರಲಿಲ್ಲ. ಆದರೆ ಏಕಾದಶಿಯಂದು ಒಲೆ ಹೊತ್ತುವುದಿಲ್ಲ, ತಟ್ಟೆ ತೊಳೆಯುವುದಿಲ್ಲ, ಹಾಗೆಯೇ ಡಬ್ಬಿಯೂ ತೆರೆಯುವುದಿಲ್ಲ. ಸುಧಾ ಒಮ್ಮೆ, "ಅಕ್ಕಾರ, ಗುಳಗಿ ತಗೊಂಡ್ರೇನು?" ಎಂದು ಕೇಳಿದ್ದುಂಟು. "ಇವತ್ತ ಏಕಾದಶಿ ಅಲ್ಲೇನಽ? ನಾಳೆ ಪಾರಣಿ ಆದಮ್ಯಾಲೆ ತಗೋತೀನಿ. ಒಂದು ದಿನಕ್ಕ ಏನಾಗ್ತದ?" ಎಂದು ಅಕ್ಕ ಹೇಳಿದಳು, ಸುಧಾ ತಲೆಯಾಡಿಸಿದಳು, ನಾನು ಅವಲಕ್ಕಿ ತಿಂದೆ. ಅಂಥ ಮನೆತನದಲ್ಲಿ ಹುಟ್ಟಿ ಬೆಳೆದ ಯಾರಿಗೂ ಅದರಲ್ಲಿ ವಿಶೇಷವೇನೂ ಕಾಣಿಸುತ್ತಿರಲಿಲ್ಲ. ಆ ಏಕಾದಶಿಯಂದು ಏನೂ ಆಗಲಿಲ್ಲ, ಅದರ ಮುಂದಿನದರಂದೂ ಆಗಲಿಲ್ಲ. ಏನೂ ಆಗದಿರುವುದರಷ್ಟು ಮನುಷ್ಯನಿಗೆ ಧೈರ್ಯ ಕೊಡುವ ವಸ್ತು ಬೇರೊಂದಿಲ್ಲ.

ಆಮೇಲೆ ಬಂದದ್ದು ಅತಿರಿಕ್ತ ಉಪವಾಸ. ತಿಥಿಗಳ ಗಣಿತದಲ್ಲಿ ಏರುಪೇರಾದಾಗ ಅಪರೂಪಕ್ಕೆ ಏಕಾದಶಿಯ ಉಪವಾಸ ಮರುದಿನಕ್ಕೂ ಚಾಚಿಕೊಳ್ಳುತ್ತದೆ. ಎರಡು ದಿನವೂ ನಿರಾಹಾರ, ನಿರ್ಜಲ. ಅಕ್ಕ ಪಂಚಾಂಗ ನೋಡಿ ಹಬ್ಬ ಬಂದಷ್ಟು ಹಿಗ್ಗಿದಳು. ಎರಡು ದಿನ, ಪೂಜೆಯ ಉದ್ಧರಣೆಯ ಪುಟ್ಟ ಚಮಚದಷ್ಟು ತೀರ್ಥ ಬಿಟ್ಟರೆ, ಅವಳ ಗಂಟಲಿಗೆ ನೀರಿಳಿಯಲಿಲ್ಲ, ಗುಳಿಗೆಯೂ ಇಳಿಯಲಿಲ್ಲ. ನೀರಿಲ್ಲದೆ ಮಂದವಾದ ರಕ್ತ, ಕಾವಲಿಲ್ಲದ ಜಾಳಿಗೆ. ಇದೆಲ್ಲ ನಾನು ಈಗ ಬರೆಯಬಲ್ಲೆ. ಆಗ ನಮಗೆ ಕಂಡದ್ದು ಎರಡನೆಯ ದಿನವೂ ಸ್ತೋತ್ರ ಹೇಳಿಕೊಳ್ಳುತ್ತ ಹೂ ಕಟ್ಟುತ್ತಿದ್ದ ಅಕ್ಕನ ಗೆಲುವಿನ ಮುಖ ಮಾತ್ರ.

ಮೂರನೆಯ ಬೆಳಿಗ್ಗೆ ಪಾರಣೆ, ಉಪವಾಸ ಬಿಡುವ ಊಟ. ಅಕ್ಕ ಸ್ನಾನ ಮಾಡಿ, ಮಡಿಯುಟ್ಟು, ಅಗಸೆ ಸೊಪ್ಪಿನ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಕೆಳಗಿಟ್ಟು ಗೋಡೆ ಹಿಡಿದು ನಿಂತಳು. ಮೈಯೆಲ್ಲ ಬೆವರು. ಎದೆ ನೋಯುತ್ತಿದೆಯೇ ಎಂದರೆ ಇಲ್ಲವೆಂದಳು. ಬೆನ್ನು ಹಿಡಿದಿದೆ, ದವಡೆ ಸೆಳೆಯುತ್ತಿದೆ, ಹೊಟ್ಟೆ ತೊಳಸುತ್ತಿದೆ ಎಂದಳು. ಹೆಂಗಸರಲ್ಲಿ ಹೃದಯಾಘಾತ ಹೀಗೆ ಎದೆಯನ್ನು ಬಿಟ್ಟು ಬೇರೆ ದಾರಿಯಿಂದ ಬರುವುದುಂಟೆಂದು ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಎರಡು ದಿನದ ಉಪವಾಸ, ಪಿತ್ತ ಕೆರಳಿದೆ. ನಾನು ಓಡಿ ಯಂತ್ರ ತಂದು ಪಟ್ಟಿ ಸುತ್ತಿದೆ. ಅಂಕಿ ತೀರ ಕೆಳಗಿತ್ತು. ಹೆಚ್ಚಿಲ್ಲವಲ್ಲ ಎಂದು ನಾವು ಮೂವರೂ ಸಮಾಧಾನಪಟ್ಟುಕೊಂಡೆವು. ಸುಧಾ ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟರೆ, ನೈವೇದ್ಯವಾಗದೆ ಮುಟ್ಟುವುದಿಲ್ಲವೆಂದು ಅಕ್ಕ ಲೋಟವನ್ನು ದೂರ ಸರಿಸಿದಳು. ನೈವೇದ್ಯವಾಗಲೆಂದು ಕಾದೆವು. ಅದು ಮುಗಿಯುವಷ್ಟರಲ್ಲಿ ಅವಳ ತುಟಿ ಬೂದು ಬಣ್ಣಕ್ಕೆ ತಿರುಗಿತ್ತು.

ಆಸ್ಪತ್ರೆಯಲ್ಲಿ ಮುಚ್ಚಿದ್ದ ದಾರಿಯನ್ನು ತೆರೆದರು, ಪ್ರಾಣ ಉಳಿಯಿತು. ಗುಳಿಗೆ ಬಿಟ್ಟಿರಾ ಎಂದು ಡಾಕ್ಟರು ಕೇಳಿದಾಗ ಅಕ್ಕ ಆಗಲೂ ಇಲ್ಲವೆಂದೇ ಹೇಳಿದಳು. ಸುಧಾ ಅಳುತ್ತ ಏಕಾದಶಿಯ ವಿಷಯ ತೆಗೆದಳು. ಎರಡು ದಿನ ನೀರೂ ಕುಡಿಯದೆ ಇರುವವರಿದ್ದಾರೆಂಬುದೇ ಅವರಿಗೆ ತಿಳಿದಿರಲಿಲ್ಲ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ರಕ್ತ ಸಿಗದೆ ಸತ್ತ ಹೃದಯದ ಸ್ನಾಯು ಮತ್ತೆ ಹುಟ್ಟುವುದಿಲ್ಲ, ಅಲ್ಲೊಂದು ಕಲೆ ಮಾತ್ರ ಉಳಿಯುತ್ತದೆ, ಆ ಕಲೆಗೆ ದುಡಿಯಲು ಬರುವುದಿಲ್ಲ ಎಂದರು. ನಮ್ಮ ಕಾರ್ಖಾನೆಯಲ್ಲಿ ಪ್ರತಿ ಪಂಪಿನ ಪಕ್ಕದಲ್ಲಿ ಬದಲಿ ಪಂಪೊಂದನ್ನು ಇಟ್ಟುಕೊಳ್ಳಿ ಎಂದು ಗಿರಾಕಿಗಳಿಗೆ ಹೇಳುತ್ತಿದ್ದೆವು. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅಂಥ ಹುಚ್ಚು ಯೋಚನೆಗಳನ್ನೇ ಮಾಡುತ್ತಿದ್ದೆ.

ಸೋತ ಪಂಪು ಮುಂದಕ್ಕೆ ತಳ್ಳಲಾರದ್ದು ಹಿಂದೆ ನಿಲ್ಲುತ್ತದೆ. ಅಕ್ಕನ ಪಾದಗಳು ಊದಿದವು, ಮಲಗಿದರೆ ಉಸಿರು ಕಟ್ಟುತ್ತಿತ್ತು, ದಿಂಬಿನ ಮೇಲೆ ದಿಂಬು ಏರಿಸಿ ಅವಳನ್ನು ಕೂಡಿಸಿಯೇ ಮಲಗಿಸಬೇಕಾಯಿತು. ಡಾಕ್ಟರು ಉಪ್ಪನ್ನೂ ನೀರನ್ನೂ ಕಟ್ಟು ಮಾಡಿದರು. ದಿನಕ್ಕೆ ಒಂದು ತಂಬಿಗೆ, ಅಷ್ಟರಲ್ಲೇ ಚಹಾ, ಸಾರು, ಮಜ್ಜಿಗೆ ಎಲ್ಲ. ಜೀವಮಾನವಿಡೀ ಇಷ್ಟಪಟ್ಟು ನೀರು ಬಿಟ್ಟವಳು ಈಗ ಒಂದು ಗುಟುಕು ಹೆಚ್ಚು ಕೊಡೆಂದು ಸುಧಾಳ ಸೆರಗು ಹಿಡಿದು ಕೇಳುತ್ತಿದ್ದಳು. ನೋಡಲು ಬಂದ ಬಳಗದವರು, ಏಕಾದಶಿಯ ಪುಣ್ಯವೇ ಪದ್ದಕ್ಕನನ್ನು ಉಳಿಸಿತು ಎಂದು ಹೇಳಿ, ನಮ್ಮ ಮನೆಯ ಚಹಾ ಕುಡಿದು ಹೋದರು. ನನಗೆ ಮೈಯೆಲ್ಲ ಉರಿಯಿತು. ಹೊರಗೆ ಹೋಗಿ ನಿಂತುಕೊಂಡೆ.

ಅಷ್ಟರಲ್ಲಿ ಇನ್ನೊಂದು ಏಕಾದಶಿ ಹತ್ತಿರ ಬರುತ್ತಿತ್ತು. ಈ ಸಲ ಗುಳಿಗೆ ಬಿಟ್ಟರೆ ಅಕ್ಕ ಉಳಿಯುವುದಿಲ್ಲ ಎಂಬುದು ನಮಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. "ಸಾಯೋದಾದ್ರ ಸಾಯ್ತೀನಿ. ಬುದ್ಧಿ ಬಂದಾಗಿಂದ ಹಿಡಿದದ್ದು, ಈಗ ಬಿಡು ಅಂದ್ರ ಹ್ಯಾಂಗ ಬಿಡ್ಲೋ?" ಎಂದಳು. ನಾನು ವಾಲ್ವಿನ ಚಿತ್ರ ಬರೆದು ತೋರಿಸಿದೆ, ಬೇಡಿಕೊಂಡೆ, ಬೈದೆ. ಕೊನೆಗೆ ಸುಧಾ ರಾಯಚೂರಿಗೆ ಫೋನು ಮಾಡಿ, ಅಕ್ಕನಿಗೆ ಮೊದಲಿನಿಂದ ಗೊತ್ತಿದ್ದ ಮುದಿ ಆಚಾರ್ಯರನ್ನು ಮಾತಿಗೆ ಹಿಡಿದು, ಫೋನಿನ ಧ್ವನಿಯನ್ನು ದೊಡ್ಡದು ಮಾಡಿ ಅಕ್ಕನ ಮುಂದೆ ಇಟ್ಟಳು. "ಔಷಧಕ್ಕ ದೋಷ ಇಲ್ಲವ್ವಾ ಪದ್ದಾ" ಎಂದರು ಅವರು. "ಏಕಾದಶಿ ದಿನ ಒಂದು ಉದ್ಧರಣಿ ತೀರ್ಥ ತಗೋತಿ ಹೌದಲ್ಲೋ, ಅದರ ಜೋಡೀನಽ ನುಂಗಿಬಿಡು. ಇಷ್ಟು ದಿನ ಯಾಕ ಕೇಳಲಿಲ್ಲ ನನ್ನ?"

ಯಾಕೆ ಕೇಳಲಿಲ್ಲ? ಡಾಕ್ಟರಿಗೆ ಏಕಾದಶಿ ಗೊತ್ತಿರಲಿಲ್ಲ, ಆಚಾರ್ಯರಿಗೆ ಗುಳಿಗೆ ಗೊತ್ತಿರಲಿಲ್ಲ, ಎರಡೂ ಗೊತ್ತಿದ್ದ ನಮಗೆ ಅದು ಹೇಳಬೇಕಾದ ಮಾತೆಂದೇ ಅನ್ನಿಸಿರಲಿಲ್ಲ. ಕೆಟ್ಟ ಚಟಗಳನ್ನಾದರೆ ಡಾಕ್ಟರು ಕೆದಕಿ ಕೇಳುತ್ತಾರೆ, ನಾವೂ ನಾಚಿಕೊಂಡು ಒಪ್ಪಿಕೊಳ್ಳುತ್ತೇವೆ. ತೀರ ಸಹಜವಾದದ್ದು, ತೀರ ಒಳ್ಳೆಯದೆಂದು ನಾವು ನಂಬಿದ್ದು, ನಾಲಿಗೆಯ ತುದಿಗೂ ಬರುವುದಿಲ್ಲ. ಎದೆಯ ಬಡಿತ ನಮಗೇ ಕೇಳಿಸದ ಹಾಗೆ ಅದು ಒಳಗೊಳಗೇ ನಡೆದುಕೊಂಡು ಹೋಗುತ್ತಿರುತ್ತದೆ.

ಪದ್ದಕ್ಕ ಅದಾದ ಮೇಲೆ ಹೆಚ್ಚು ಕಾಲ ಇರಲಿಲ್ಲ. ಮಿಕ್ಕಿದ್ದ ಅರೆ ಹೃದಯ ತನ್ನಿಂದಾದಷ್ಟು ಎಳೆದು, ಚಳಿಗಾಲದ ಒಂದು ಸಾಮಾನ್ಯ ಮಧ್ಯಾಹ್ನ, ಯಾವ ವಿಶೇಷ ತಿಥಿಯೂ ಅಲ್ಲದ ದಿನ, ನಿಂತುಹೋಯಿತು. ನನಗೆ ಆ ದಿನಕ್ಕಿಂತ ಹೆಚ್ಚಾಗಿ ನೆನಪಾಗುವುದು ಆಚಾರ್ಯರ ಫೋನಿನ ನಂತರ ಬಂದ ಆ ಏಕಾದಶಿಯ ಬೆಳಗು. ಅಕ್ಕನನ್ನು ಹಿಡಿದುಕೊಂಡು ಹೋಗಿ ದೇವರ ಮನೆಯ ಮುಂದೆ ಕುರ್ಚಿಯ ಮೇಲೆ ಕೂಡಿಸಿದೆವು. ಸುಧಾ ಗುಳಿಗೆಗಳನ್ನು ಅವಳ ನಾಲಿಗೆಯ ಮೇಲೆ ಇಟ್ಟಳು, ನಾನು ಉದ್ಧರಣೆಯಿಂದ ಅಂಗೈಗೆ ತೀರ್ಥ ಹಾಕಿದೆ. ಅಕ್ಕ ಒಂದೇ ಗುಟುಕಿಗೆ ನುಂಗಿ, ಒದ್ದೆ ಕೈಯನ್ನು ಕಣ್ಣಿಗೂ ತಲೆಗೂ ಒರಸಿಕೊಂಡು, ಖಾಲಿ ಅಂಗೈಯನ್ನು ಸ್ವಲ್ಪ ಹೊತ್ತು ನೋಡುತ್ತ ಕುಳಿತಳು.

"ಇಷ್ಟಽ ಇತ್ತೇನೋ ಇದು?" ಎಂದು ಕೇಳಿದಳು. ಅಷ್ಟು ಕೇಳುವುದಕ್ಕೂ ಅವಳು ನಡುವೆ ಒಮ್ಮೆ ನಿಂತು ಉಸಿರೆಳೆದುಕೊಳ್ಳಬೇಕಾಯಿತು.

"ಹೂಂ ಅಕ್ಕಾ," ಎಂದೆ. "ಇಷ್ಟಽ."