ನೆರೈದಾ ಹೆಸರಿನ ಜೀರುಂಡೆ

ಬೆಳಕು ಹರಿಯುವ ಹೊತ್ತಿಗೆ ನೆರೈದಾ ಉಸ್ಕಾತೆಗಿ ಮೆರಿದಾ ಬೆಟ್ಟದ ಝರಿಯ ಬುಡದಲ್ಲಿ ಸೊಂಟ ಬಗ್ಗಿಸಿ ನಿಂತಿದ್ದಾರೆ. ಬಂಡೆಗೆ ನೀರೆರಚುವುದು, ಕೆಳಗೆ ಹಿಡಿದ ಜರಡಿಯನ್ನು ನೋಡುವುದು, ಮತ್ತೆ ಎರಚುವುದು. ನೀರು ಜಿನುಗುವ ಬಂಡೆಗೆ ಅಂಟಿಕೊಂಡು ಬದುಕುವ ಈ ಜೀರುಂಡೆಗಳು ಬೇಳೆಕಾಳಿಗಿಂತ ದೊಡ್ಡವಲ್ಲ. ಅವರಿಗೆ ಬೇಕಾದದ್ದು ಒಂದು ಗಂಡು.

"ವಯಸ್ಸಲ್ಲಿ ಇಷ್ಟು ಹುಡುಕಿದ್ರೆ ನಿಂಗೂ ಒಂದು ಸಿಕ್ತಿತ್ತು ಕಣೇ," ದಡದಲ್ಲಿ ಅರೇಪಾ ರೊಟ್ಟಿಯ ಗಂಟು ಬಿಚ್ಚುತ್ತಾ ಅಕ್ಕ ಔರಿಸ್ತೆಲಾ ರೇಗಿಸುತ್ತಾರೆ.

"ಅದು ಸಿಕ್ಕಿದ್ರೆ ಇದನ್ನ ಹುಡುಕೋಕೆ ಬಿಡ್ತಿತ್ತಾ?" ನೆರೈದಾ ತಲೆಯೆತ್ತುವುದಿಲ್ಲ.

ಹೊಲಿಗೆ ಬಿಟ್ಟು ಕೀಟ ಸಂಗ್ರಹಾಲಯಕ್ಕೆ ಸೇರಿದವರು ನೆರೈದಾ. ದಿನಕ್ಕೆ ನಲವತ್ತು ಹುಳಗಳನ್ನು ಸೂಜಿಗೇರಿಸಿ ಚೀಟಿ ಹಚ್ಚುತ್ತಾರೆ. ಕರೆಂಟು ಹೋದರೆ ಸೂಕ್ಷ್ಮದರ್ಶಕ ಕಿಟಕಿಯ ಬಳಿ ಬರುತ್ತದೆ. ಸಂಬಳ ತಡವಾದರೆ ಹೊಲಿಗೆ ಯಂತ್ರ ಮತ್ತೆ ಸದ್ದು ಮಾಡುತ್ತದೆ.

ಈ ಝರಿಯ ಹಸಿರು ಹೊಳಪಿನ ಹೆಣ್ಣು ಜೀರುಂಡೆಗಳನ್ನು ಮೊದಲು ಹಿಡಿದವರು ಅವರೇ. ಸಂಗ್ರಹಾಲಯದ ಮುಖ್ಯಸ್ಥ ಡಾ. ಹಸಿಂತೊ ಅವನ್ನು ಹೊಸ ಜಾತಿಯೆಂದು ಸಾರಿ, ನೆರೈದಾ ಹೆಸರನ್ನೇ ಇಟ್ಟರು. ಆದರೆ ಈ ಗುಂಪಿನಲ್ಲಿ ಜಾತಿ ಖಚಿತವಾಗುವುದು ಗಂಡಿನ ಜನನಾಂಗದ ಆಕಾರದಿಂದ. ಇದರ ಗಂಡು ಪಕ್ಕದ ಕಣಿವೆಯ ಕಪ್ಪು ಜೀರುಂಡೆಯಂತೆಯೇ ಇದ್ದರೆ ಎರಡೂ ಒಂದೇ. ಆಗ ಕಪ್ಪು ಜೀರುಂಡೆಗೆ ಮೊದಲೇ ಇದ್ದ ಹೆಸರು ಉಳಿಯುತ್ತದೆ, ನೆರೈದಾ ಹೆಸರು ಬೀಳುತ್ತದೆ. ಗೊತ್ತಿದ್ದೂ ಈ ಮಹಾತಾಯಿ ಏಳು ವರ್ಷದಿಂದ ಹುಡುಕುತ್ತಿದ್ದಾರೆ!

ಇಂದು ಜರಡಿಗೆ ಗಂಡು ಬಿದ್ದಿದೆ. ಮಧ್ಯಾಹ್ನ ಅದನ್ನೂ ಕಪ್ಪು ಜೀರುಂಡೆಯ ಗಂಡನ್ನೂ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಒಂದೇ ಗಂಡು ತಾನೆ, ನೆರೈದಾ. ಮುಂದಿನ ವರ್ಷ ಇನ್ನೊಂದು ಸಿಗ್ಲಿ, ನೋಡೋಣ," ಹಸಿಂತೊ ಕಣ್ಣು ತಪ್ಪಿಸುತ್ತಾರೆ.

"ಬೇರೆಯವರ ಹೆಸರಾಗಿದ್ರೆ ಕಾಯ್ತಿದ್ರಾ, ಡಾಕ್ಟ್ರೇ?"

ಹಸಿಂತೊ ಶಾಯಿ ಬಾಟಲಿಯನ್ನು ನೆರೈದಾರತ್ತ ಸರಿಸುತ್ತಾರೆ. ಹೆಸರು ಬಿದ್ದರೂ, ಮೊದಲ ಹೆಣ್ಣಿನ ಸೂಜಿಗೆ ಹಚ್ಚಿದ ನೆರೈದಾ ಹೆಸರಿನ ಹಳೆಯ ಕೆಂಪು ಚೀಟಿಯನ್ನು ಕೀಳುವ ಪದ್ಧತಿಯಿಲ್ಲ. ಅದೇ ಸೂಜಿಗೆ, ಅದರ ಕೆಳಗೆ ಹೊಸ ಚೀಟಿ ಸೇರಿಸಬೇಕು. ಜಾತಿಯ ಸರಿಯಾದ ಹೆಸರು, ಅದರಡಿ ಗುರುತಿಸಿದವರ ಹೆಸರು. ಅಲ್ಲಿ ಇದುವರೆಗೆ ಹಸಿಂತೊ ಹೆಸರೇ ಇರುತ್ತಿತ್ತು.

"ಕೆಳಗೆ ನಿಮ್ಮ ಹೆಸರನ್ನೇ ಬರೀರಿ," ಎನ್ನುತ್ತಾರೆ ಅವರು.

ನೋವಾಗಲಿಲ್ಲವೇ ಎಂದರೆ ನೆರೈದಾ ಮುಚ್ಚಿಡುವುದಿಲ್ಲ. "ಆಗ್ದೇ ಇರುತ್ತಾ? ಹುಳಕ್ಕೆ ನನ್ನ ಹೆಸರಿಟ್ಟಿದ್ದಾರೆ ಅಂತ ಅಮ್ಮ ಇಡೀ ಬೀದಿಗೆ ಹೇಳ್ಕೊಂಡು ಬಂದಿದ್ಲು."

ಆಮೇಲೆ ಶಾಯಿ ಆರಲೆಂದು ಚೀಟಿಗೆ ಮೆಲ್ಲನೆ ಊದುತ್ತಾರೆ.

"ಮೇಲಿರೋದು ಡಾಕ್ಟ್ರು ಕೊಟ್ಟ ಹೆಸರು. ಕೆಳಗಿರೋದು ನಾನು ದುಡಿದದ್ದು."