ಚಲುವಯ್ಯನ ಮೂಗು

ಬೆಟ್ಟದಪುರದ ಕಡೆಯ ಚಲುವಯ್ಯನಿಗೆ ಅರವತ್ತು ದಾಟಿದರೂ ಮೂಗೇ ಬಂಡವಾಳ. ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ, ಬ್ಯಾರನ್ನಿನ ಬಾಗಿಲಲ್ಲಿ ನಿಂತು ಒಮ್ಮೆ ಮೂಸಿದರೆ ಸಾಕು, ಬೆಂಕಿ ಏರಿಸಬೇಕೋ ತಗ್ಗಿಸಬೇಕೋ ಹೇಳಿಬಿಡುತ್ತಿದ್ದ. ಊರವರು ತಮ್ಮ ಬ್ಯಾರನ್ನಿಗೂ ಅವನನ್ನು ಕರೆದೊಯ್ಯುತ್ತಿದ್ದರು. ಅವನೂ ಬಲು ಜಂಬಗಾರನೇ. ಗೋಡೆಯ ಥರ್ಮಾಮೀಟರನ್ನು ಕುರುಡನ ಕೋಲು ಎಂದು ಹಂಗಿಸುತ್ತಿದ್ದ.

ಇಂಥವನು ಎರಡು ವರ್ಷದಿಂದ, ಸೊಪ್ಪು ಬೇಯಿಸುವ ಕಾಲ ಬಂತೆಂದರೆ ಹೆಂಡತಿ ಸುನಂದಮ್ಮನನ್ನು ಬ್ಯಾರನ್ನಿಗೆ ಕರೆದು, ವಾಸನೆ ಹೇಗಿದೆ ಹೇಳು ಎನ್ನತೊಡಗಿದ. ಅವಳು ಹಸಿ ಹಸಿ ಇದೆ ಎಂದರೆ ತಲೆಯಾಡಿಸುವನು, ಸಿಹಿ ಬಂದಿದೆ ಎಂದರೆ ಸೌದೆ ತುರುಕುವನು. ಇಷ್ಟು ವರ್ಷ ಅಡುಗೆಮನೆಗೇ ಕಟ್ಟಿಹಾಕಿದ್ದ ಗಂಡ ಕೊನೆಗೂ ಕಸುಬು ಕಲಿಸುತ್ತಿದ್ದಾನಲ್ಲ ಎಂದು ಅವಳು ಉಬ್ಬಿಹೋಗಿದ್ದಳು. ಸಾರಿಗೆ ರುಚಿಯೇ ಇಲ್ಲವೆಂದು ಅವನು ತಟ್ಟೆ ತಳ್ಳಿದ್ದನ್ನೂ ಆ ಖುಷಿಯಲ್ಲಿ ನುಂಗಿಕೊಂಡಿದ್ದಳು.

ಹೋದ ವಾರ ಅವಳು ಕೊಪ್ಪದ ಸಂತೆಗೆ ಹೋಗಿ ಬರುವಾಗ ಬೀದಿಯ ತುದಿಗೇ ಸುಟ್ಟ ನಾತ ಬಡಿಯಿತು. ಓಡಿದಳು. ಒಣಗಿದ ಎಲೆಯೊಂದು ಒಲೆಯ ಬಿಸಿ ಒಯ್ಯುವ ಕಾದ ಕೊಳವೆಯ ಮೇಲೆ ಉದುರಿ ಹೊತ್ತಿಕೊಂಡಿರಬೇಕು, ಬ್ಯಾರನ್ನಿನ ಸೂರಿನಿಂದ ಹೊಗೆ ನುಗ್ಗುತ್ತಿತ್ತು. ಚಲುವಯ್ಯ ಬಾಗಿಲಿಗೆ ಬೆನ್ನು ಕೊಟ್ಟು ಕೂತು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ. ಅವಳು ರಟ್ಟೆ ಹಿಡಿದು ಎಳೆದಾಗಲೇ ತಿರುಗಿ ನೋಡಿದ್ದು. ಜನ ಸೇರುವಷ್ಟರಲ್ಲಿ ಬ್ಯಾರನ್ ಬೂದಿಯಾಗಿತ್ತು.

ಅಷ್ಟು ನಾತವೂ ಇವನಿಗೆ ತಿಳಿಯಲಿಲ್ಲವಲ್ಲ ಎಂದು ಸುನಂದಮ್ಮ ಅವನನ್ನು ಪಿರಿಯಾಪಟ್ಟಣದ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಶಾಂಭವಿ ಅವನ ಕಣ್ಣು ಮುಚ್ಚಿಸಿ ಮೂಗಿಗೆ ಕಾಫಿಪುಡಿ ಹಿಡಿದರು. ಏನೂ ಇಲ್ಲವೆಂದ. ಮಲ್ಲಿಗೆ ಹಿಡಿದಾಗಲೂ ಅದೇ ಮಾತು. ಆಮೇಲೆ ತಲೆ ತಗ್ಗಿಸಿದ.

"ಎಲ್ಡು ವರ್ಸಾಯ್ತು ಕಣ್ರವ್ವಾ. ಇವಳ ಮೂಗಲ್ಲೇ ಕೆಲ್ಸ ನಡುಸ್ತಿದ್ದೆ."

ಸುನಂದಮ್ಮನ ಹೆಮ್ಮೆಯೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ಡಾಕ್ಟರಮ್ಮ ಬಿಡಿಸಿ ಹೇಳಿದರು: ಶೀತದಿಂದಲೋ ಬರೀ ವಯಸ್ಸಿನಿಂದಲೋ ಮೂಗು ಮಂಕಾಗುವುದುಂಟು, ಅಷ್ಟಕ್ಕೇ ಹೆದರಬೇಕಿಲ್ಲ, ಆದರೆ ಕೆಲವರಲ್ಲಿ ಮಿದುಳು ಸವೆಯತೊಡಗಿದಾಗ ಮೊದಲು ವಾಸನೆ ಹೋಗುತ್ತದೆ, ನೆನಪು ಆಮೇಲೆ. ಇವರಿಗೆ ಮರೆವು ಏನಾದರೂ ಇದೆಯೇ ಎಂದು ಕೇಳಿದರು. ನಮ್ಮ ಯಜಮಾನರ ತಲೆ ಕಲ್ಲಿನಷ್ಟು ಗಟ್ಟಿ ಎಂದು ಸುನಂದಮ್ಮ ಸಿಡುಕಿದಳು. ಬ್ಯಾರನ್ ಹೋದರೆ ಹೋಗಲಿ, ಅವಳಿಗೆ ಆ ತಲೆಯೊಂದು ಉಳಿದರೆ ಸಾಕಿತ್ತು.

ಬಸ್ಸಿನಲ್ಲಿ ಅವನು ಕಿಟಕಿಯಾಚೆ ನೋಡುತ್ತ ಕೂತಿದ್ದ. ಊರು ಹತ್ತಿರವಾದಾಗ ಅವಳ ಕೈ ತಟ್ಟಿ, ಎಂದಿನ ಗತ್ತಿನಲ್ಲೇ ಹೇಳಿದ:

"ಬಿರ್ನೆ ಇಳಿ. ಬ್ಯಾರನ್ಗೆ ಸೌದೆ ಆಕ್ಬೇಕು, ಬೆಂಕಿ ಆರೋಯ್ತದೆ."

ಸುನಂದಮ್ಮ ಅವನ ಕೈ ಹಿಡಿದು ಕೂರಿಸಿ, ಪಿರಿಯಾಪಟ್ಟಣಕ್ಕೆ ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಡಕ್ಟರನ್ನು ಕೇಳಿದಳು.