ದಪ್ಪಂದು ಇಡು, ತೆಳ್ಳಂದು ಚೀಲಕ್ಕೆ ಹಾಕು

ಓಂಕಾರಯ್ಯನವರ ಬಲಗೈ ಹೆಬ್ಬೆರಳು ಯಾವಾಗಲೂ ಕೆಂಪಗೆ ಒದ್ದೆಯಾಗಿರುತ್ತಿತ್ತು. ಎಲೆಯಡಿಕೆ ತುಂಬಿದ ಬಾಯಿಗೆ ಆ ಬೆರಳು ಹಾಕಿ, ನಾಲಿಗೆಯ ಮೇಲೆ ಒಮ್ಮೆ ಹೊರಳಿಸಿ, ಆಮೇಲೆ ಕಾಗದ ತಿರುವುತ್ತಿದ್ದರು. ಅವರು ನೋಡಿದ ಪ್ರತಿ ಹಾಳೆಯ ಕೆಳಮೂಲೆಯಲ್ಲೂ ಒಂದು ಕೆಂಪು ಕಲೆ. ಅದೇ ಹಾಳೆಯನ್ನು ಅವರ ನಂತರ ನಾನು ತಿರುವಬೇಕಾಗಿತ್ತು. ಮೊದಲ ವಾರ ಊಟದ ಡಬ್ಬಿ ಬಿಚ್ಚಿದರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಹೊಸದುರ್ಗದ ಒಂದು ಸರ್ಕಾರಿ ಕಚೇರಿಗೆ ಗುಮಾಸ್ತನಾಗಿ ಸೇರಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಈಗ ಅಲ್ಲಿರುವವರಿಗೆ ಈ ಪಾಪದಲ್ಲಿ ಪಾಲಿಲ್ಲ. ಎರಡು ವರ್ಷ ಪ್ರೊಬೇಷನ್, ಅಷ್ಟರೊಳಗೆ ಯಾರ ಕಣ್ಣಿಗೂ ಕೆಟ್ಟವನಾಗದೆ ಇದ್ದರೆ ನೌಕರಿ ಕಾಯಂ. ನನ್ನನ್ನು ರೆಕಾರ್ಡ್ ರೂಮಿಗೆ ಹಾಕಿದರು. ಅದರ ಯಜಮಾನರು ಓಂಕಾರಯ್ಯ. ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಅವರಿಗೆ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು.

ಕೆಲಸದಲ್ಲಿ ಮನುಷ್ಯ ಗಟ್ಟಿಗ, ಅದನ್ನು ಇಲ್ಲವೆನ್ನಲಾರೆ. ಕರೆಂಟು ಹೋದರೂ ಕೈಯಾಡಿಸಿಯೇ ಬೇಕಾದ ಕಡತ ಎಳೆಯುತ್ತಿದ್ದರು. ಕಟ್ಟಿನ ದಾರಕ್ಕೆ ಎಂಥ ಗಂಟು ಹಾಕಬೇಕು, ಗೆದ್ದಲಿಗೆ ಯಾವ ಮೂಲೆಯಲ್ಲಿ ಬೇವಿನ ಸೊಪ್ಪು ಇಡಬೇಕು, ಎಲ್ಲ ಕಲಿಸಿದವರು ಅವರೇ. ಇವತ್ತಿಗೂ ನಾನು ಕಡತ ಕಟ್ಟುವುದು ಅವರ ಗಂಟಿನಲ್ಲೇ. ಅದನ್ನು ನೆನೆದರೂ ನನಗೆ ಒಂಥರಾ ಹೇಸಿಗೆ.

ನಮ್ಮ ಕಡತಗಳ ಹೆಸರುಗಳೇ ಒಂದು ಸೊಗಸು. ಬಾವಿಮನೆ ತಿಪ್ಪಮ್ಮ, ಸುಣ್ಣದೋರ ತಿಪ್ಪಮ್ಮ, ಗಿಡ್ಡ ತಿಪ್ಪೇಸ್ವಾಮಿ, ಮೇಗಳಮನೆ ತಿಪ್ಪೇಸ್ವಾಮಿ. ಊರಿನವರು ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಾರೋ ಕಡತದ ಮೇಲೂ ಹಾಗೆಯೇ. ಒಂದು ದಿನ ಚಿತ್ರದುರ್ಗದಿಂದ ಆದೇಶ ಬಂತು. ಇನ್ನು ಮುಂದೆ ಕಡತದ ಮೇಲೆ ಊರು ಮತ್ತು ಹೆಸರು ಮಾತ್ರ ಇರಬೇಕು, ಜಾತಿ, ಕಸುಬು, ಮನೆತನದ ಅಡ್ಡಹೆಸರು ಯಾವುದೂ ಕೂಡದು, ಇಡೀ ಕೋಣೆಯ ಕಡತಗಳಿಗೆ ಮೂರು ತಿಂಗಳಲ್ಲಿ ಹೊಸ ಹೆಸರಿಡಬೇಕು. ಉದ್ದೇಶ ಒಳ್ಳೆಯದೇ. ಆದರೆ ಬಾಲ ಕತ್ತರಿಸಿದ ಮೇಲೆ ಒಂದೇ ಊರಿನಲ್ಲಿ ಒಂದೇ ಹೆಸರಿನ ಎರಡು ಕಡತ ಎದುರುಬದುರಾದರೆ? ಆದೇಶದ ಕೊನೆಯ ಸಾಲು ಅದಕ್ಕೂ ಉತ್ತರ ಕೊಟ್ಟಿತ್ತು: ‘ಸೂಕ್ತ ಕ್ರಮ ಕೈಗೊಳ್ಳುವುದು.’

ನಾನು ಹುಮ್ಮಸ್ಸಿನಿಂದ ಹೇಳಿದೆ, “ಸಾರ್, ಒಂದೇ ಹೆಸರು ಬಂದರೆ ಒಂದು, ಎರಡು ಅಂತ ಅಂಕಿ ಹಾಕೋಣ. ಇಲ್ಲಾಂದ್ರೆ ಅಂಥವನ್ನು ಪಕ್ಕಕ್ಕಿಟ್ಟು ಆಮೇಲೆ ಊರಿನವರನ್ನೇ ಕೇಳೋಣ.”

ಓಂಕಾರಯ್ಯ ಬೆರಳು ಚೀಪಿ ತೆಗೆದರು. “ಏನಪ್ಪ, ಈ ಜಿಲ್ಲೆಯಾಗೆ ಕಣ್ಮುಚ್ಚಿ ಕಲ್ಲು ಹೊಡದ್ರೆ ತಿಪ್ಪೇಸ್ವಾಮಿಗೇ ಬೀಳ್ತೈತೆ. ಎಲ್ರನ್ನೂ ಕೇಳ್ಕಂತ ಕುಂತ್ರೆ ನಾನು ರಿಟೈರ್ ಆಗೋದು ಯಾವಾಗ? ಅಂಕಿ ಹಾಕಿದ್ರೆ ಮ್ಯಾಲಿನೋರು ‘ಇದೇನು ಹೆಸ್ರೋ ಬಸ್ ನಂಬರೋ’ ಅಂತಾರೆ. ಒಂದು ಹೆಸ್ರಿಗೆ ಒಂದು ಕಡತ. ಎಲ್ಡು ಬಂದ್ರೆ ದಪ್ಪಂದು ಇಡು, ತೆಳ್ಳಂದು ಚೀಲಕ್ಕೆ ಹಾಕು. ದಪ್ಪ ಐತೆ ಅಂದ್ರೆ ಅದ್ರಾಗೆ ಜೀವ ಐತೆ ಅಂತ.”

ಕಡತ ದಪ್ಪಗಾಗುವುದು ಹೇಗೆ ಎಂದು ಆ ಕೋಣೆಯಲ್ಲಿ ಕೂತ ಯಾರಿಗಾದರೂ ಗೊತ್ತು. ಬರೆಸಲು ಆಳಿದ್ದವರು ತಿಂಗಳಿಗೊಂದು ಜ್ಞಾಪನ ಕಳಿಸುತ್ತಾರೆ, ದೊಡ್ಡವರ ಶಿಫಾರಸು ಪತ್ರ ಸೇರಿಸುತ್ತಾರೆ, ಕಡತ ಮೈ ತುಂಬಿಕೊಳ್ಳುತ್ತದೆ. ಗತಿಯಿಲ್ಲದವರದು ಒಂದು ಅರ್ಜಿ, ಒಂದು ವರದಿ, ಒಂದು ಹೆಬ್ಬೆಟ್ಟು, ಅಷ್ಟೇ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ದಪ್ಪನೆಯ ಕಡತಗಳ ಮೇಲೆ ಹೊಸ ಹೆಸರು ಬರೆದವನು ನಾನು, ತೆಳ್ಳನೆಯವನ್ನು ಚೀಲಕ್ಕೆ ಹಾಕಿದವನೂ ನಾನೇ. ಕೆಲಸ ಎರಡೂವರೆ ತಿಂಗಳಿಗೇ ಮುಗಿಯಿತು. ಮೇಲಿನಿಂದ ಬಂದವರು ಕೋಣೆ ನೋಡಿ ಓಂಕಾರಯ್ಯನವರ ಬೆನ್ನು ತಟ್ಟಿದರು. ಅವರು ನನ್ನ ಬೆನ್ನು ತಟ್ಟಿದರು. ಅಂಗಿಯ ಮೇಲೆ ಕೆಂಪು ಮೆತ್ತಿಕೊಂಡಿತ್ತು.

ಓಂಕಾರಯ್ಯ ಚೀಲದ ಕಡತಗಳಲ್ಲಿ ಹಿಂಬದಿ ಖಾಲಿ ಇದ್ದ ಹಾಳೆಗಳನ್ನು ಹರಿದು ಕರಡು ಬರೆಯಲು ಇಟ್ಟುಕೊಂಡು, ಮಿಕ್ಕಿದ್ದನ್ನು ಹಿತ್ತಲಲ್ಲಿ ಸುಡಿಸಿದರು. ಕಾಗದ ದಂಡ ಮಾಡುವುದು ಅವರಿಗೆ ಆಗುತ್ತಿರಲಿಲ್ಲ.

ಅದಾದ ಮೇಲೆ ಬಾಗೂರಿನಿಂದ ತಿಪ್ಪಮ್ಮ ಬಂದಳು. ಸುಣ್ಣದೋರ ತಿಪ್ಪಮ್ಮ, ಗಂಡನಿಲ್ಲದ ಕೂಲಿ ಹೆಂಗಸು. ಮನೆ ಕಟ್ಟಲು ನಿವೇಶನ ಕೇಳಿ ಅರ್ಜಿ ಹಾಕಿದ್ದಳು, ಅಳೆದು ಗುರುತು ಹಾಕಿಯೂ ಆಗಿತ್ತು, ಹಕ್ಕುಪತ್ರವೊಂದೇ ಬಾಕಿ. ಓಂಕಾರಯ್ಯ ಕತ್ತೆತ್ತಿಯೂ ನೋಡದೆ ಹೇಳಿದರು, “ಬಾಗೂರು ತಿಪ್ಪಮ್ಮಂಗೆ ಹಕ್ಕುಪತ್ರ ಕೊಟ್ಟಾಗೈತೆ. ಮತ್ತೆ ಯಾಕೆ ಬಂದಿ?”

“ಅದು ಬಾವಿಮನಿಯಾಕಿಗೆ ಕೊಟ್ಟಿರೋದು ಸ್ವಾಮಿ. ನಾನು ಬ್ಯಾರೆ.”

“ಕಡತ ಒಂದೇ ಐತೆ.”

ಆಕೆ ನಾಲ್ಕು ಸಲ ಬಂದಳು. ಬಾಗಿಲಲ್ಲಿ ಕೂತು ಎದ್ದು ಹೋಗುವಳು. ಆಮೇಲೆ ಒಂದು ಮಧ್ಯಾಹ್ನ ನಾನೊಂದು ಕರಡು ಬರೆದು ಮುಗಿಸಿ ಹಾಳೆ ತಿರುಗಿಸಿದರೆ, ಬೆನ್ನಿಗೆ ಅವಳ ಅರ್ಜಿ. ಸುಣ್ಣದೋರ ತಿಪ್ಪಮ್ಮ, ಬಾಗೂರು, ಕೆಳಗೆ ನೀಲಿ ಹೆಬ್ಬೆಟ್ಟು. ನನ್ನ ಶಾಯಿ ಅದರೊಳಕ್ಕೆ ಇಳಿದಿತ್ತು. ಹಾಳೆ ಒಯ್ದು ಓಂಕಾರಯ್ಯನವರ ಮುಂದಿಟ್ಟು ಹೊಸ ಕಡತ ತೆರೆಯೋಣ ಅಂದೆ.

ಅವರಿಗೆ ಸಿಟ್ಟೇ ಬರಲಿಲ್ಲ. ನಿಜವಾಗಿಯೂ ತಿಳಿಯದವರಂತೆ ಕೇಳಿದರು, “ತೆರಿ. ಏನಂತ ಹೆಸ್ರಿಡ್ತಿ? ಆ ಹೆಸ್ರು ಆಗ್ಲೇ ಐತಲ್ಲ.”

ತಿಪ್ಪಮ್ಮ ಮತ್ತೆ ಬಂದು ಬಾಗಿಲಲ್ಲಿ ಕೂತಾಗ ಅವಳ ಹತ್ತಿರವೇ ಹೋದೆ. “ನಿಮಗೆ ಬೇರೆ ಹೆಸರೇನಾದರೂ ಇದೆಯೇ ಅಮ್ಮ? ಮನೆಯಲ್ಲಿ ಕರೆಯುವಂಥದ್ದು?”

“ನನ್ನ ಮುಂದ್ಲವು ಮೂರು ಕೂಸು ಹೋದ್ವಂತೆ. ನಾನು ಹುಟ್ಟಿದಾಗ ತಿಪ್ಪಿ ಮ್ಯಾಲೆ ಹೊಳ್ಳಾಡಿಸಿ, ಇದು ತಿಪ್ಪಿದು, ಯಾರಿಗೂ ಬ್ಯಾಡಾಗಿದ್ದು ಅಂತ ಈ ಹೆಸ್ರಿಟ್ರು. ಸಾವಿಗೂ ಹೇಸಿಗಿ ಆಗ್ಲಿ ಅಂತ. ಅದ್ಕೇ ಉಳ್ಕಂಡಿದೀನಿ. ಆ ಹೆಸ್ರು ಹ್ಯಾಂಗ್ ಬಿಡ್ಲಿ?”

ಓಂಕಾರಯ್ಯ ಒಳಗಿನಿಂದಲೇ ಕೇಳಿ ನಕ್ಕರು. “ಬಾಗೂರಾಗೆ ತಿಪ್ಪಿ ಒಂದೇ ಇತ್ತೇನೋ.” ಆ ನಗುವನ್ನು ನಾನು ಕ್ಷಮಿಸಿಲ್ಲ.

ಅವರು ನಿವೃತ್ತರಾದ ಮೇಲೆ ಸಾಹೇಬರ ಹತ್ತಿರ ವಿಷಯ ಎತ್ತಿದೆ. ಅಂಥ ಕಡತವೊಂದಿತ್ತು, ಹೆಸರು ಬದಲಿಸುವಾಗ ತಪ್ಪಿನಿಂದ ತೆಗೆದುಹಾಕಿದೆವು ಎಂದು ಆ ಕೆಲಸ ಮಾಡಿದವರು ಯಾರಾದರೂ ಬರೆದುಕೊಟ್ಟರೆ ಹಕ್ಕುಪತ್ರ ಕೊಡಬಹುದು ಅಂದರು. ಒಂದು ಭಾನುವಾರ ಹೊಳಲ್ಕೆರೆಗೆ ಹೋದೆ. ಓಂಕಾರಯ್ಯ ಜಗಲಿಯ ಮೇಲೆ ಕೂತಿದ್ದರು, ಇಳಿದುಹೋಗಿದ್ದರು. ಕಾಫಿ ತರಿಸಿದರು. ಲೋಟವನ್ನು ಅವರೇ ಅಂಚು ಹಿಡಿದು ಕೊಟ್ಟರು. ಮುಖ ತಿರುಗಿಸಿ ಕುಡಿದೆ. ನಾನು ಬರೆದು ತಂದಿದ್ದ ಕಾಗದವನ್ನು ಪೂರ್ತಿ ಓದಿದರು.

“ಒಬ್ಬಾಕಿಗೆ ತಪ್ಪಾತು ಅಂತ ಬರ್ದುಕೊಟ್ರೆ, ಮಿಕ್ಕಿದೋರಿಗೆ ಏನಂತ ಬರ್ಕೊಡಾಣ? ಚೀಲ ತುಂಬಿದೋನು ನೀನು, ನಿಂಗೆ ಗೊತ್ತಿಲ್ಲೇನು ಎಷ್ಟು ಜನ ಇದ್ರು ಅಂತ?” ಕಾಗದ ಮಡಚಿ ನನ್ನ ಜೇಬಿಗೆ ಇಟ್ಟರು. “ನನ್ನ ಪಿಂಚಣಿ ಇನ್ನೂ ಮಂಜೂರಾಗಿಲ್ಲ. ನಿನ್ನ ಪ್ರೊಬೇಷನ್ ಮುಗಿದಿಲ್ಲ. ಸುಮ್ನೆ ಇದ್ದುಬಿಡಾಣ.”

ಆ ‘ಇದ್ದುಬಿಡಾಣ’ದಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಆ ವರ್ಷವೇ ತೀರಿಕೊಂಡರು. ಮಣ್ಣಿಗೆ ನಾನು ಹೋಗಲಿಲ್ಲ.

ನಾನು ಹೊಳಲ್ಕೆರೆಗೆ ಹೋಗಿಬಂದ ಮೇಲೆ ತಿಪ್ಪಮ್ಮ ಮತ್ತೊಮ್ಮೆ ಬಂದಳು, ನಡೆದದ್ದು ಹೇಳಿದೆ. “ಅವ್ರು ಬರ್ದುಕೊಡ್ದಿದ್ರೆ ನೀವು ಬರ್ದುಕೊಡ್ರಿ. ನೀವೂ ಅಲ್ಲೇ ಇದ್ರಲ್ಲ,” ಅಂದಳು. ಎಂಟು ತಿಂಗಳು ಬಿಟ್ಟು ಬನ್ನಿ ಅಂದೆ. ಯಾಕೆ ಎಂಟು ಎಂದು ಅವಳು ಕೇಳಲಿಲ್ಲ.

ನೌಕರಿ ಕಾಯಂ ಆದ ವಾರವೇ ತಪ್ಪು ನನ್ನದೆಂದು ಬರೆದು ಸಹಿ ಹಾಕಿದೆ. ಒಂದು ಎಚ್ಚರಿಕೆ ಪತ್ರ ಕೊಟ್ಟರು, ಅಷ್ಟೇ. ಅಷ್ಟಕ್ಕೆ ಎಂಟು ತಿಂಗಳು ಹೆದರಿದ್ದೆ. ಹಕ್ಕುಪತ್ರ ತಯಾರಾಯಿತು. ಬಂದು ಪಡೆಯಿರಿ ಎಂದು ಅಂಚೆಯಲ್ಲಿ ತಿಳಿವಳಿಕೆ ಪತ್ರ ಕಳಿಸಿದೆ. ಆದೇಶದ ಪ್ರಕಾರ ವಿಳಾಸ ‘ತಿಪ್ಪಮ್ಮ, ಬಾಗೂರು’.

ಮರುವಾರ ಪತ್ರ ಹಿಡಿದು ಬಂದವಳು, ಕಿವಿಗೆ ಬೆಂಡೋಲೆ ಹಾಕಿದ್ದ ಬೇರೆ ಹೆಂಗಸು. ಬಾವಿಮನೆಯವಳು.

“ನಂಗೆ ಆಗ್ಲೇ ಕೊಟ್ಟೀರಲ್ಲ ಸ್ವಾಮಿ, ಇದ್ಯಾಕೆ ಬಂತು?”

ಇದು ಸುಣ್ಣದೋರ ತಿಪ್ಪಮ್ಮನಿಗೆ ಕಳಿಸಿದ್ದು, ಆಕೆಗೆ ಕೊಡಿ ಅಂದೆ.

“ಆಕಿ ಎಲ್ಲಿದಾಳೆ? ಗುಡಿಸ್ಲು ಬಿತ್ತು, ಹಿರಿಯೂರು ಕಡಿಗೆ ಕೂಲಿಗೆ ಹೋದ್ಲು. ಯಾವ ಊರು ಅಂತ ಯಾರಿಗ್ಗೊತ್ತು?” ಅಂದಳು ಆಕೆ. ಪತ್ರವನ್ನು ಮೇಜಿನ ಮೇಲಿಟ್ಟು, “ಎಂಟು ತಿಂಗ್ಳು ಕಾಯ್ತೀನಿ ಅಂತಿದ್ಲು. ಆರಕ್ಕೇ ಊರು ಬಿಟ್ಲು,” ಅಂದಳು.